ಅಜ್ಜನ ಸುದ್ದಿ: ಮಂಗಳೂರಿನ ಪತ್ರಿಕೆಗಳಲ್ಲಿ ಹುಡುಕಿ
1956ರಲ್ಲಿ ನಿಮ್ಮ ಅಜ್ಜನ ಸುದ್ದಿ ಪೇಪರಿನಲ್ಲಿ ಬಂದಿತ್ತು, ಕಾಸರಗೋಡು ಅಂತ ಹುಡುಕಿದರೆ ಏನೂ ಸಿಗುತ್ತಿಲ್ಲ ಅಂದಿರಿ. ಕೇರಳದ ಸಂಗ್ರಹಗಳಲ್ಲೇ ನೋಡುತ್ತಿದ್ದೀರಿ ಅಲ್ವಾ? ಅಲ್ಲೇ ಎಡವಟ್ಟು. ಆ ವರ್ಷದ ನವೆಂಬರ್ 1ರವರೆಗೆ ನಮ್ಮೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಮೊದಲು ಮಂಗಳೂರಿನ ಪತ್ರಿಕೆಗಳನ್ನು ನೋಡಿ, ‘ನವಭಾರತ’ದಂಥವು. ‘ಉದಯವಾಣಿ’ ಶುರುವಾದದ್ದೇ 1970ರಲ್ಲಿ, ಅದು ಬಿಡಿ.

ಸರ್ಚ್ ಬಾಕ್ಸನ್ನು ಜಾಸ್ತಿ ನಂಬಬೇಡಿ. ಮಾಸಿದ ಅಚ್ಚಿನ ಒತ್ತಕ್ಷರ, ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಗುರುತಿಸುವ ತಂತ್ರಾಂಶವಾದ ಓಸಿಆರ್‌ಗೆ ಸರಿಯಾಗಿ ತಿಳಿಯುವುದಿಲ್ಲ. ‘ಭಟ್ಟ’ ಹೋಗಿ ಇನ್ನೇನೋ ಆಗಿರುತ್ತದೆ. ಒತ್ತಿಲ್ಲದ ಪದ ಹಾಕಿ ನೋಡಿ, ಮನೆಯ ಹೆಸರೋ ಊರಿನ ಹೆಸರೋ. ಅದೂ ಆಗದಿದ್ದರೆ ಅಕ್ಟೋಬರ್, ನವೆಂಬರ್ ಪುಟಗಳನ್ನು ಸುಮ್ನೆ ಒಂದೊಂದಾಗಿ ತಿರುವಿ. ಕಣ್ಣು ನೋಯುತ್ತದೆ, ಆದರೆ ನನಗೆ ಸಿಕ್ಕಿದ್ದೆಲ್ಲ ಹಾಗೇ.