‘ನನಗೆ’ ಕೇಳಿಸಿತೋ, ‘ನಾನು’ ಕೇಳಿದೆನೋ?

ಪ್ರಶ್ನೆ: ಮೊನ್ನೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ನೆಟ್‌ವರ್ಕ್ ಕೈಕೊಟ್ಟು ಅವರ ಮಾತು ಕಟ್ ಆಗುತ್ತಿತ್ತು. ನಾನು ‘ಸಾರಿ ಸರ್, ಐ ಆಮ್ ನಾಟ್ ಲಿಸನಿಂಗ್’ ಅಂದೆ. ಅವರ ಮುಖವೇ ಬದಲಾಯಿತು. ‘ಲಿಸನ್’ ಅಂದರೂ ‘ಹಿಯರ್’ ಅಂದರೂ ಕೇಳು ಅಂತಲೇ ಅಲ್ವಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ನೀವು ಹೇಳಲು ಹೊರಟಿದ್ದು ‘ನಿಮ್ಮ ಮಾತು ಕೇಳಿಸ್ತಾ ಇಲ್ಲ’ ಅಂತ. ಅವರಿಗೆ ಮುಟ್ಟಿದ್ದು ‘ನಿಮ್ಮ ಮಾತಿಗೆ ನಾನು ಕಿವಿಗೊಡ್ತಾ ಇಲ್ಲ’ ಅಂತ. ಬೇಜಾರು ಮಾಡ್ಕೋಬೇಡಿ, ಇಲ್ಲಿ ಎಡವುವವರು ಬಹಳ ಜನ. ನಮ್ಮ ‘ಕೇಳು’ ಒಂದೇ ಪದ, ಮೂರು ಕೆಲಸ ಮಾಡುತ್ತದೆ. ಹಾಡು ಕೇಳ್ತೀವಿ, ಗುಡುಗು ಕೇಳುತ್ತೆ, ಮೇಷ್ಟ್ರ ಹತ್ತಿರ ಡೌಟು ಕೇಳ್ತೀವಿ. ಇಂಗ್ಲಿಷಿನಲ್ಲಿ ಮೊದಲನೆಯದು ಲಿಸನ್, ಎರಡನೆಯದು ಹಿಯರ್, ಮೂರನೆಯದು ಆಸ್ಕ್.

ಆದರೆ ವ್ಯತ್ಯಾಸ ನಿಮಗೆ ಗೊತ್ತಿಲ್ಲದ್ದೇನಲ್ಲ, ಚಿಕ್ಕಂದಿನಿಂದ ನೀವೇ ಕನ್ನಡದಲ್ಲಿ ಅದನ್ನು ಆಡ್ತಾ ಬಂದಿದ್ದೀರಿ. ‘ನನಗೆ ಕೇಳಿಸಿತು’ ಅಂತೀವಿ, ‘ನಾನು ಗಮನ ಕೊಟ್ಟು ಕೇಳಿದೆ’ ಅಂತೀವಿ. ಸದ್ದು ತಾನಾಗಿ ಬಂದು ಕಿವಿಗೆ ಬಿದ್ದರೆ ‘ನನಗೆ’, ಅದು ಹಿಯರ್. ಮನಸ್ಸಿಟ್ಟು ಕೇಳಿದರೆ ‘ನಾನು’, ಅದು ಲಿಸನ್. ಬಾಯಿ ತೆರೆಯುವ ಮುಂಚೆ ಮನಸ್ಸಲ್ಲೇ ಕನ್ನಡದ ವಾಕ್ಯ ಮಾಡಿ, ಶುರುವಾಗಿದ್ದು ‘ನನಗೆ’ ಇಂದಲೋ ‘ನಾನು’ ಇಂದಲೋ ನೋಡ್ಕೊಳ್ಳಿ. ಲಿಸನ್ ಜೊತೆ ‘ಟು’ ಬೇಕು: ‘ಐ ಲಿಸನ್ ಟು ದ ರೇಡಿಯೊ’. ಹಿಯರ್‌ಗೆ ಬೇಡ.

ಕಣ್ಣಿಗೂ ಇದೇ ಲೆಕ್ಕ. ‘ಬೋರ್ಡ್ ನೋಡಿದೆ, ಆದರೆ ಅಕ್ಷರ ಕಾಣಿಸಲಿಲ್ಲ’ ಅನ್ನಿ. ನೋಡಿದ್ದು ಲುಕ್, ಕಾಣಿಸದೆ ಹೋಗಿದ್ದು ಸೀ. ಮ್ಯಾಚಿನ ಹಾಗೆ ನಡೀತಾ ಇರೋದನ್ನ ಸ್ವಲ್ಪ ಹೊತ್ತು ಕೂತು ನೋಡಿದರೆ ವಾಚ್.

ಈ ಉಪಾಯ ಎಲ್ಲ ಕಡೆ ನಡೆಯಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ‘ಸುದ್ದಿ ಕೇಳಿ ಬೇಜಾರಾಯ್ತು’ ಅನ್ನುವಾಗ ಕನ್ನಡದಲ್ಲಿ ‘ಕೇಳಿ’ ಇದೆ, ಇಂಗ್ಲಿಷಿನಲ್ಲಿ ಮಾತ್ರ ಅದು ಹಿಯರ್, ಯಾಕಂದ್ರೆ ಸುದ್ದಿ ನಿಮ್ಮನ್ನು ಬಂದು ಮುಟ್ಟಿದ್ದು. ಇಂಥವನ್ನು ಸುಮ್ನೆ ಓದ್ತಾ ಕೇಳ್ತಾ ರೂಢಿ ಮಾಡ್ಕೋಬೇಕು.

ಇನ್ನೊಂದು, ‘ಐ ಆಮ್ ನಾಟ್ ಹಿಯರಿಂಗ್ ಯು’ ಅಂತಲೂ ಹೇಳಬೇಡಿ. ಮುಂದಿನ ಸಲ ಮಾತು ಕಟ್ಟಾದರೆ ‘ಸಾರಿ ಸರ್, ಐ ಕಾಂಟ್ ಹಿಯರ್ ಯು’ ಅಂದರೆ ಸಾಕು.