ವಾಸ್ತುಶಿಲ್ಪಿಗಳಾದ ಅಪ್ಪ, ಅಮ್ಮನ ಕುರಿತ ಸಾಕ್ಷ್ಯಚಿತ್ರಕ್ಕೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಬೇಕೇ, ಬೇರೆ ಬೇರೆಯಾಗಿಯೇ?

ಮಂಗಳೂರಿನಲ್ಲಿ ಒಂದೇ ಕಚೇರಿಯಿಂದ ಕೆಲಸ ಮಾಡಿದ ನನ್ನ ಹೆತ್ತವರ ಕುರಿತು ನಾನೂ ಇಂಥದೊಂದು ಚಿತ್ರ ಮಾಡಿದ್ದೇನೆ. ಒಟ್ಟಿಗೆ ಕೂರಿಸುವುದೂ ಬೇಡ, ಬೇರೆಯಾಗಿ ಕೂರಿಸುವುದೂ ಬೇಡ. ಅವರು ಕಟ್ಟಿಸಿದ ಮನೆಗಳಿಗೆ ಅವರನ್ನು ಕರೆದೊಯ್ಯಿರಿ.

ನಾನು ಇಬ್ಬರನ್ನೂ ನಮ್ಮ ಜಗಲಿಯಲ್ಲಿ ಅಕ್ಕಪಕ್ಕ ಕೂರಿಸಿದ್ದೆ. ಮಂಗಳೂರಿನ ಬಿಜೈಯಲ್ಲಿ ಅವರು ಕಟ್ಟಿಸಿದ್ದ ಹಂಚಿನ ಮನೆಯ ಬಗ್ಗೆ ಕೇಳಿದಾಗ ಅಪ್ಪ, "ಮುರಕಲ್ಲಿನ ಗೋಡೆಗೆ ಗಿಲಾವು ಬೇಡವೆಂದೆವು, ಅದಕ್ಕಾಗಿ ಸೂರನ್ನು ಮುಂದಕ್ಕೆ ಚಾಚಿದೆವು" ಎಂದರು. ಅಮ್ಮ ತಲೆಯಾಡಿಸಿದರು. ಯಾವ ನಿರ್ಧಾರ ಯಾರದ್ದೆಂದು ನಾನು ಕೇಳಲಿಲ್ಲ. ಅಮ್ಮನ ಮೌನವನ್ನು ಒಪ್ಪಿಗೆಯೆಂದು ತಿಳಿದು, ಮುಂದಿನ ಪ್ರಶ್ನೆಗಳನ್ನೆಲ್ಲ ಅಪ್ಪನಿಗೇ ಕೇಳುತ್ತ ಹೋದೆ. ಸಂಕಲನದ ಹೊತ್ತಿಗೆ ಆ ಮನೆಯ ನಕ್ಷೆಗಳಿದ್ದ ಹಳೆಯ ಟ್ರೇಸಿಂಗ್ ಹಾಳೆಗಳನ್ನು ಬಿಚ್ಚಿ ನೋಡಿದರೆ, ಅಪ್ಪನ ಶಾಯಿಯ ಗೆರೆಗಳ ಮೇಲೆ ಅಮ್ಮನ ಕೆಂಪು ಪೆನ್ಸಿಲ್ ಓಡಾಡಿತ್ತು. ಗಿಲಾವು ಬೇಡವೆಂದದ್ದು ಅಪ್ಪ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ನೀರು ಹೀರುವ ಆ ಕಲ್ಲನ್ನು ಕಾಪಾಡಲು ಸೂರನ್ನು ಹೊರಚಾಚಿದ್ದು, ಗಾಳಿಮಳೆ ಬಡಿಯುವ ಪಡುವಣ ಗೋಡೆಯ ಕಿಟಕಿಗಳನ್ನು ಕಿರಿದಾಗಿಸಿದ್ದು, ಹಂಚುಗಳನ್ನು ಹೊರುವ ಪಕ್ಕಾಸುಗಳ ಅಂತರವನ್ನು ಬದಲಿಸಿದ್ದು ಎಲ್ಲವೂ ಅಮ್ಮ.

ಅಮ್ಮನನ್ನು ಅಲ್ಲಿಗೆ ಕರೆದೊಯ್ಯಲು ಹೊರಟಾಗ ಆ ಮನೆಯೇ ಇರಲಿಲ್ಲ. ಅಪಾರ್ಟ್‌ಮೆಂಟಿಗೆಂದು ಅದನ್ನು ಕೆಡವಿಯಾಗಿತ್ತು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕೇಳಿದರೆ ಅಮ್ಮ, "ಆಗ ಏನೋ ಲೆಕ್ಕ ಹಾಕಿದ್ದೆ ಮಗಾ" ಎಂದಷ್ಟೇ ಹೇಳಿದರು. ಅದೇ ಅಮ್ಮ, ಉಡುಪಿಯಲ್ಲಿ ಇನ್ನೂ ಉಳಿದಿರುವ ಅವರದೇ ಮತ್ತೊಂದು ಮನೆಯೊಳಗೆ ಕಾಲಿಟ್ಟೊಡನೆ ಮಾಡಿನ (ಛಾವಣಿಯ) ಇಳಿಜಾರು, ಬಡಗಿಯೊಂದಿಗಿನ ವಾದ, ಅಪ್ಪನೊಂದಿಗಿನ ಜಗಳ ಎಲ್ಲವನ್ನೂ ತಾವಾಗಿಯೇ ಹೇಳತೊಡಗಿದರು. ನನ್ನ ಚಿತ್ರದ ಅತ್ಯುತ್ತಮ ಭಾಗ ಅದು. ಬಿಜೈಯ ಮನೆ ಮಾತ್ರ ಅದರಲ್ಲಿ ಅಪ್ಪನ ಕೃತಿಯಾಗಿಯೇ ಉಳಿದುಬಿಟ್ಟಿದೆ.

"ಅವರಿಬ್ಬರೂ ಯಾವಾಗಲೂ ಒಮ್ಮತದಿಂದಲೇ ಕೆಲಸ ಮಾಡಿದವರು" ಎಂದು ನಿಮ್ಮ ಹೆತ್ತವರ ಬಗ್ಗೆ ನೀವು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಒಮ್ಮತವೆಂದುಬಿಟ್ಟರೆ ಯಾವ ಕೆಲಸ ಯಾರದ್ದೆಂಬುದು ಮರೆಯಾಗುತ್ತದೆ. ಅಮೆರಿಕದ ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚುರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ದಂಪತಿ ದಶಕಗಳ ಕಾಲ ಜೊತೆಯಾಗಿ ದುಡಿದರೂ, ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 1991ರಲ್ಲಿ ಸಂದದ್ದು ಗಂಡನಿಗೆ ಮಾತ್ರ. 2013ರಲ್ಲಿ ಸಾವಿರಾರು ಮಂದಿ ಸಹಿ ಹಾಕಿ ಕೇಳಿಕೊಂಡರೂ ಪತ್ನಿಯ ಹೆಸರು ಸೇರಲಿಲ್ಲ. ಕೆಲಸ ಯಾರದ್ದೆಂಬುದು ಆ ಹೊತ್ತಿಗೇ ದಾಖಲಾಗದಿದ್ದರೆ ಹೊರಗಿನವರು ಒಬ್ಬರ ಹೆಸರನ್ನೇ ಬರೆದುಕೊಳ್ಳುತ್ತಾರೆ. ಆ ದಂಪತಿಯ ಮಗನೂ ಹೆತ್ತವರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಮಕ್ಕಳಾದ ನಮಗೆ ಆ ಹೊಣೆ ಇದೆ ಎಂದೇ ನಾನು ನಂಬಿದ್ದೇನೆ.

ಆದ್ದರಿಂದ ಮೊದಲು ನಕ್ಷೆಗಳನ್ನು ಹುಡುಕಿ ತೆಗೆಯಿರಿ, ತಿದ್ದುಪಡಿಗಳು ಯಾರ ಕೈಬರಹದಲ್ಲಿವೆ ಎಂದು ನೋಡಿ. ಅನಂತರ ಮಾರಾಟದ ಮಾತು ನಡೆಯುತ್ತಿರುವ ಮನೆಗಳಿಂದಲೇ ಚಿತ್ರೀಕರಣ ಆರಂಭಿಸಿ. ಅವು ನಿಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ. ಜೂನ್, ಜುಲೈಯಲ್ಲಿ ಹೋದರೆ ಮಾಡು ನೀರನ್ನು ಹೇಗೆ ಹೊರಹಾಕುತ್ತದೆಂಬುದು ಕಣ್ಣಿಗೇ ಕಾಣಿಸುತ್ತದೆ. ಕ್ಯಾಮೆರಾ ಯಾವುದಾದರೂ ಆದೀತು, ಆದರೆ ಇಬ್ಬರಿಗೂ ಪ್ರತ್ಯೇಕ ಕಾಲರ್ ಮೈಕ್ ಇರಲಿ, ಏಕೆಂದರೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮೆತ್ತಗೆ ಮಾತನಾಡುವವರ ದನಿ ಕ್ಯಾಮೆರಾದ ಮೈಕಿಗೆ ಸಿಗುವುದಿಲ್ಲ.