ತುಳಸಿ ಲಗ್ನದೊಳಗ ತಲಿ ತುಂಬಬೇಕು ಎಂದವರು

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಯುವಕ, ವಯಸ್ಸು 27. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ, ಕೆಲಸ ಹುಬ್ಬಳ್ಳಿಯಲ್ಲಿ. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿನ ದರದ ಮೇಲೆ ಅವರ ವರ್ಷದ ಲೆಕ್ಕ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಇಲ್ಲಿ ಮಂಜುನಾಥ ಎಂದು ಕರೆಯೋಣ.

ಮಂಜುನಾಥ ಬಂದಿದ್ದು ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ ಅಂತ. ಅವರ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, ಆಪ್ತಸಲಹೆಗೂ ಹೋಗಿ ಬನ್ನಿ ಎಂದಿದ್ದರು. ಕೂತ ಅರ್ಧ ಗಂಟೆ ತಲೆಯ ಮೇಲಿನ ಕ್ಯಾಪ್ ತೆಗೆಯಲಿಲ್ಲ. ಆಫೀಸು, ಬೈಕಿನ ಕಂತು, ಅಪ್ಪನ ಮಂಡಿನೋವು ಎಲ್ಲ ಮಾತಾಡಿದರು. ಏಳುವ ಹೊತ್ತಿಗೆ ಹೇಳಿದರು: "ಗಣಪತಿ ಹಬ್ಬ ಮುಗದ ಕೂಡ್ಲೇ ಇಸ್ತಾಂಬುಲ್‌ಗೆ ಹೊಂಟೇನ್ರಿ ಮೇಡಂ. ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸ್ತೇನಿ. ತುಳಸಿ ಲಗ್ನದೊಳಗ ತಲಿ ತುಂಬಬೇಕು. ಆಮ್ಯಾಲೆ ಮನ್ಯಾಗ ಕನ್ಯಾ ನೋಡಾಕ ಶುರು ಮಾಡ್ತಾರ."

ಕಳೆದ ವರ್ಷ ಕನ್ಯಾ ನೋಡಲು ಗದಗಿನ ಕಡೆ ಹೋಗಿದ್ದರಂತೆ. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಾ ಹುಡುಗಿಯ ಸೋದರಮಾವ ಕೇಳಿದರು, "ನೀವು ವರನ ಅಣ್ಣಾರೇನ್ರಿ?" ಎಲ್ಲರೂ ನಕ್ಕರು, ಇವರೂ ನಕ್ಕರು. ಆ ಸಂಬಂಧ ಕೂಡಿಬರಲಿಲ್ಲ. ಅಲ್ಲಿಂದ ಶುರುವಾಯಿತು ಈ ಹುಡುಕಾಟ.

ಮುಂದಿನ ಭೇಟಿಯಲ್ಲಿ ಫೋನ್ ತೆಗೆದು ತೋರಿಸಿದರು. ಇವರು ವಾಟ್ಸ್ಆ್ಯಪ್‌ನಲ್ಲಿ ತಲೆಯ ಫೋಟೋ ಕಳಿಸಿದ್ದಾರೆ. ಟರ್ಕಿಯ ಆ ಇಸ್ತಾಂಬುಲ್ ಕ್ಲಿನಿಕ್ಕಿನ 'ಕೋಆರ್ಡಿನೇಟರ್' ಹಣೆಯ ಮೇಲೆ ಒಂದು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದಾನೆ. ಗೆರೆ ಹುಬ್ಬಿಗೆ ಅಷ್ಟು ಹತ್ತಿರ ಇತ್ತೆಂದರೆ, ಹೈಸ್ಕೂಲ್ ಹುಡುಗನ ಹಣೆ ಅದು. ಕೆಳಗೆ '4,500 ಗ್ರಾಫ್ಟ್', ಅಂದರೆ ಕಿತ್ತು ನೆಡುವ ಕೂದಲ ಬೇರಿನ ಅಷ್ಟು ಸಣ್ಣ ಗುಚ್ಛ. ಮೂರು ರಾತ್ರಿ ಹೋಟೆಲ್, ವಿಮಾನ ನಿಲ್ದಾಣದಿಂದ ಕಾರು, ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ ದ್ರವ ನೆತ್ತಿಗೆ ಚುಚ್ಚುವುದು) ಫ್ರೀ. ಇಡೀ ಚಾಟ್ ಮೇಲಿಂದ ಕೆಳಗೆ ನೋಡಿದೆ. ಬೇರೆ ಕಾಯಿಲೆ ಇದೆಯಾ, ಮಾತ್ರೆ ತಗೋತೀರಾ, ತಂಬಾಕು ಉಂಟಾ ಎಂಬ ಒಂದು ಪ್ರಶ್ನೆಯೂ ಇಲ್ಲ. ಆಪರೇಷನ್ ಮಾಡುವ ಡಾಕ್ಟರ ಹೆಸರೂ ಇಲ್ಲ. ಅಡ್ವಾನ್ಸ್ ಯಾವಾಗ ಹಾಕ್ತೀರಿ ಅನ್ನುವುದು ಮಾತ್ರ ನಾಲ್ಕು ಕಡೆ ಇತ್ತು. ಇವರು ಹಾಕಿಯೂ ಆಗಿತ್ತು. ಉಳಿದದ್ದಕ್ಕೆ ಪರ್ಸನಲ್ ಲೋನ್.

ಇಂಥ ಪ್ರಕರಣದಲ್ಲಿ ನಾನು ಮೊದಲು ನೋಡುವುದು ಕನ್ನಡಿಯ ಲೆಕ್ಕ. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ಮುಂದೆ ಹೋಗುತ್ತದೆ? ಇದೇ ಕಾರಣಕ್ಕೆ ಮದುವೆ, ಮುಂಜಿಗೆ ಹೋಗುವುದು ಬಿಟ್ಟಿದ್ದಾರಾ? ಬೇರೆಯವರ ಕಣ್ಣಿಗೆ ಕಾಣದ ಕೊರತೆ ಇವರಿಗೆ ದೊಡ್ಡದಾಗಿ ಕಾಣುತ್ತಿದೆಯಾ? ತನ್ನ ದೇಹದ ಒಂದು ಭಾಗದ ಬಗ್ಗೆ ದಿನವಿಡೀ ಕೊರಗುವ ಒಂದು ಮಾನಸಿಕ ತೊಂದರೆ ಇದೆ. ಅದು ಇದ್ದವರಿಗೆ ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಸಮಾಧಾನ ಸಿಗುವುದು ಕಷ್ಟ, ಎಷ್ಟೋ ಸಲ ಕೊರಗು ಇನ್ನೊಂದು ಜಾಗ ಹಿಡಿಯುತ್ತದೆ. ಹಾಗಿದ್ದರೆ ಮಂಜುನಾಥರನ್ನು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಆದರೆ ಅವರದು ಅದಲ್ಲ. ಕೂದಲು ನಿಜವಾಗಿಯೂ ಉದುರಿತ್ತು. ಕೆಲಸಕ್ಕೆ ಹೋಗುತ್ತಿದ್ದರು, ಗೆಳೆಯರ ಜೊತೆ ಉಣಕಲ್ ಕೆರೆ ಹತ್ತಿರ ಗಿರಮಿಟ್ ತಿನ್ನುತ್ತಿದ್ದರು. ಚುಚ್ಚುತ್ತಿದ್ದದ್ದು ಅಣ್ಣ ಅನ್ನುವ ಆ ಒಂದು ಮಾತು.

ಹೋಗಬೇಡಿ ಎಂದು ನಾನು ಹೇಳಲಿಲ್ಲ. ಬೇಡ ಎಂದರೆ ನನಗೆ ಹೇಳದೆ ಹೋಗುತ್ತಾರೆ, ಅಷ್ಟೇ ಅಲ್ವಾ? ಕ್ಯಾಲೆಂಡರ್ ಮುಂದೆ ಇಟ್ಟೆ.

ಕಸಿ ಮಾಡಿದ ಕೂದಲು ಹಾಗೇ ಬೆಳೆಯುತ್ತಾ ಹೋಗುವುದಿಲ್ಲ. ಎರಡು ವಾರದಿಂದ ಎರಡು ತಿಂಗಳ ಒಳಗೆ ಅದರಲ್ಲಿ ಬಹುಪಾಲು ಉದುರುತ್ತದೆ, ಬೇರು ಮಾತ್ರ ಒಳಗೆ ಉಳಿಯುತ್ತದೆ. ಪಕ್ಕದಲ್ಲಿರುವ ಹಳೇ ಕೂದಲೂ ಆಘಾತಕ್ಕೆ ಸ್ವಲ್ಪ ಉದುರಬಹುದು. ಹೊಸ ಕೂದಲು ಕಾಣುವುದು ಮೂರು ನಾಲ್ಕು ತಿಂಗಳಿಗೆ, ಪೂರ್ತಿ ಫಲ ಗೊತ್ತಾಗುವುದು ಸುಮಾರು ಒಂದು ವರ್ಷಕ್ಕೆ. ಗಣಪತಿ ಹಬ್ಬ ಮುಗಿಸಿ ಹೋದರೆ ತುಳಸಿ ಲಗ್ನಕ್ಕೆ ಸರಿಯಾಗಿ ಎರಡು ತಿಂಗಳು. ಅಂದರೆ ಕನ್ಯಾ ನೋಡಲು ಹೋಗುವ ದಿನ ಈಗಿನದಕ್ಕಿಂತ ಕಡಿಮೆ ಕೂದಲು, ಮೇಲೆ ನೆತ್ತಿ ಇನ್ನೂ ಕೆಂಪಗಿರಬಹುದು. ಮಂಜುನಾಥ ಬೆರಳು ಮಡಚಿ ಎರಡೆರಡು ಸಲ ಎಣಿಸಿದರು. "ಇದನ್ನ ಆ ಮನಷ್ಯಾ ಹೇಳೇ ಇಲ್ಲಲ್ರೀ" ಎಂದರು.

ಎರಡನೆಯದು ಆ ಕೆಂಪು ಗೆರೆ. ಕಸಿಗೆ ಕೂದಲು ಬರುವುದು ತಲೆಯ ಹಿಂಭಾಗದಿಂದ. ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಚ್ಚಿನವರಿಗೆ ಇಡೀ ಜೀವಮಾನಕ್ಕೆ ತೆಗೆಯಬಹುದಾದದ್ದು 6,000 ಗ್ರಾಫ್ಟಿನ ಆಸುಪಾಸು ಎಂದು ಈ ಕೆಲಸ ಬಲ್ಲ ಡಾಕ್ಟರರು ಹೇಳುತ್ತಾರೆ. 27ಕ್ಕೆ ಬೋಳಾಗುವುದು ನಿಂತಿರುವುದಿಲ್ಲ. ಈಗಲೇ 4,500 ತೆಗೆದು ಹಣೆಗೆ ಹಾಕಿದರೆ, ಹತ್ತು ವರ್ಷದ ಮೇಲೆ ಅದರ ಹಿಂದಿನ ಕೂದಲು ಹೋದಾಗ ಮುಂದೆ ಒಂದು ಪಟ್ಟಿ, ಹಿಂದೆ ಬಯಲು. ತುಂಬಲು ಆಗ ಬೇಕಾದಷ್ಟು ಕೂದಲು ಇರುವುದಿಲ್ಲ. ಒಂದೇ ಸಲಕ್ಕೆ ಜಾಸ್ತಿ ಕಿತ್ತರೆ ಹಿಂಭಾಗವೂ ತೇಪೆ ತೇಪೆಯಾಗಿ ಕಾಣುತ್ತದೆ. ಅಪ್ಪ ಬೀಜದ ಮೆಣಸಿನಕಾಯಿ ಅಷ್ಟನ್ನೂ ಮೊದಲ ಮಳೆಗೇ ಬಿತ್ತಿ ಕೂರುತ್ತಾರಾ ಎಂದು ಕೇಳಿದೆ. ನಕ್ಕರು, ಆದರೆ ತಿಳಿಯಿತು.

ಆಮೇಲೆ ಕತ್ತಿ ಯಾರ ಕೈಯಲ್ಲಿ ಅನ್ನುವ ವಿಷಯ. ಇಸ್ತಾಂಬುಲ್‌ನಲ್ಲಿ ಒಳ್ಳೆಯ ಸರ್ಜನ್‌ಗಳು ಖಂಡಿತ ಇದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ವಿದೇಶಿ ರೋಗಿಗಳನ್ನು ತೆಗೆದುಕೊಳ್ಳಲು ಅಲ್ಲಿನ ಆರೋಗ್ಯ ಸಚಿವಾಲಯದ ಪ್ರತ್ಯೇಕ ಅನುಮತಿ ಪತ್ರವೂ ಬೇಕು. ಆದರೆ ಅಗ್ಗದ ಪ್ಯಾಕೇಜಿನ ಎಷ್ಟೋ ಕಡೆ ಡಾಕ್ಟರು ಮುಖ ತೋರಿಸಿ ಹೋಗುತ್ತಾರೆ, ಚರ್ಮ ಕೊಯ್ಯುವವರು ಟೆಕ್ನಿಷಿಯನ್‌ಗಳು. ಕೂದಲು ಕಸಿ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ಐಎಸ್‌ಎಚ್‌ಆರ್‌ಎಸ್ ಈ ನಕಲಿ ಕ್ಲಿನಿಕ್‌ಗಳ ವಿರುದ್ಧ ಪ್ರಚಾರವನ್ನೇ ನಡೆಸುತ್ತಿದೆ.

ಮಾತ್ರೆಯ ವಿಷಯ ಬೇರೆಯೇ ಇತ್ತು. ಎದೆ ಡವಡವಕ್ಕೆ ಅವರಿಗೆ ಬರೆದುಕೊಟ್ಟಿದ್ದು ಪ್ರೊಪ್ರನೊಲಾಲ್. ಕಸಿ ಮಾಡುವಾಗ ನೆತ್ತಿಗೆ ಮರಗಟ್ಟಿಸುವ ಔಷಧಿಯ ಜೊತೆ ಅಡ್ರಿನಲಿನ್ ಸೇರಿಸಿ ಚುಚ್ಚುತ್ತಾರೆ. ಈ ಎರಡೂ ಕೂಡಿದರೆ ಬಿಪಿ ಒಮ್ಮೆಲೇ ಏರುವ ಅಪಾಯ ಇದೆ. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು. ನಾನು ಡಾಕ್ಟರ್ ಅಲ್ಲ. ಚೀಟಿ ತಗೊಂಡು ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ ಎಂದೆ. ಗುಟ್ಕಾ ಬಗ್ಗೆಯೂ ಕೇಳಿದೆ. ದಿನಕ್ಕೆ ನಾಲ್ಕೈದು ಪ್ಯಾಕೆಟ್ ಎಂದು ಮೆಲ್ಲಗೆ ಒಪ್ಪಿಕೊಂಡರು. ತಂಬಾಕು ರಕ್ತನಾಳ ಕುಗ್ಗಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ನೆಟ್ಟದ್ದು ಸರಿಯಾಗಿ ಹಿಡಿಯದೇ ಹೋಗಬಹುದು.

ಎಂಟನೇ ದಿನ ಹುಬ್ಬಳ್ಳಿಯ ರೂಮಿನಲ್ಲಿ ಕೂತಾಗ ನೆತ್ತಿಯಲ್ಲಿ ಕೀವು ಬಂದರೆ ಏನು ಗತಿ? ಇಲ್ಲಿನ ಡಾಕ್ಟರಿಗೆ ಅಲ್ಲಿ ಏನು ಮಾಡಿದರು ಗೊತ್ತಿರುವುದಿಲ್ಲ, ಕಾಗದವಿದ್ದರೂ ಟರ್ಕಿ ಭಾಷೆಯಲ್ಲಿ. ಸೌಂದರ್ಯದ ಆಪರೇಷನ್‌ನಿಂದ ಆದ ತೊಂದರೆಗೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಇಲ್ಲಿನ ಕ್ಲಿನಿಕ್ ಆದರೆ ಧಾರವಾಡದ ಗ್ರಾಹಕರ ಆಯೋಗಕ್ಕಾದರೂ ಹೋಗಬಹುದು. ಇಸ್ತಾಂಬುಲ್‌ನವರನ್ನು ಇಲ್ಲಿಗೆ ಎಳೆದು ತರುವುದು ಹೇಗೆ?

ಇನ್ನೊಂದು ಮಾತು, ಇದು ನನ್ನ ಗೊಣಗಾಟ ಎಂದುಕೊಳ್ಳಿ. ಇಂಗ್ಲೆಂಡ್, ಜರ್ಮನಿಯವರು ಟರ್ಕಿಗೆ ಹೋಗುವುದು ಅವರ ಊರಲ್ಲಿ ಇದೇ ಕೆಲಸ ಬಲು ತುಟ್ಟಿ ಅಂತ. ನಮ್ಮ ದೇಶದಲ್ಲಿ ಅಷ್ಟೇ ದುಡ್ಡಿಗೆ, ಕೆಲವು ಕಡೆ ಕಡಿಮೆಗೂ ಆಗುತ್ತದೆ. ಅವರ ಲೆಕ್ಕ ನಮಗೆ ಹೊಂದುವುದೇ ಇಲ್ಲ. ಹಾಗಂತ ಇಲ್ಲಿ ಎಲ್ಲ ಸರಿ ಇದೆ ಎಂದೂ ಅಲ್ಲ, ಇಲ್ಲೂ ಸಾವುಗಳಾಗಿವೆ. ಅದಕ್ಕೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಸರಿಯಾದ ತರಬೇತಿ ಇರುವ ಡಾಕ್ಟರರು ಮಾತ್ರ ಕೂದಲು ಕಸಿ ಮಾಡಬೇಕು, ವಿಡಿಯೋ ನೋಡಿ ಕಲಿತದ್ದು ತರಬೇತಿ ಅಲ್ಲ ಎಂದು ಸೂಚನೆ ಹೊರಡಿಸಿತು.

ಮೂರನೇ ಸಲ ಅವ್ವನೂ ಬಂದರು. ಬ್ಯಾಗಿನಿಂದ ಮಗನ ಬಯೋಡೇಟಾ ತೆಗೆದು, "ನೋಡ್ರಿ ಮೇಡಂ, ಎಷ್ಟ ಚಲೋ ಅದಾನ, ಸುಮ್ನ ಚಿಂತಿ ಮಾಡ್ತಾನ" ಎಂದರು. ನೋಡಿದೆ. ಕಾಲೇಜು ಮುಗಿಸಿದ ವರ್ಷದ ಫೋಟೋ, ತಲೆ ತುಂಬ ಕೂದಲು. ಗದಗಿನ ಸೋದರಮಾವನ ಕೈಗೂ ಹೋಗಿದ್ದು ಇದೇ. ಫೋಟೋದ ಹುಡುಗ ಬರುತ್ತಾನೆಂದು ಕಾದ ಮನುಷ್ಯ ಎದುರಿಗಿದ್ದವರನ್ನು ಅಣ್ಣ ಅಂದುಕೊಂಡರೆ ಅವರದೇನು ತಪ್ಪು? ಅವ್ವ, ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಕೊಟ್ಟ ಸಲಹೆ ಇಷ್ಟು. ಟಿಕೆಟ್ ಈಗ ಬೇಡ, ಲೋನ್ ಈಗ ಬೇಡ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲೋ (ಈಗ ಕೆಎಂಸಿಆರ್‌ಐ) ನಂಬಿಕೆಯ ಬೇರೆ ಕಡೆಯೋ ಚರ್ಮರೋಗ ತಜ್ಞರಿಗೆ ತೋರಿಸಿ, ಥೈರಾಯ್ಡ್, ರಕ್ತ ಪರೀಕ್ಷೆ ಬೇಕೇ ಕೇಳಿ. ಕೂದಲು ಉದುರುವುದಕ್ಕೆ ಕೊಡುವ ಔಷಧಿ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಏನೇ ಆದರೂ ಅವರು ಬರೆದುಕೊಟ್ಟರೆ ಮಾತ್ರ. ಎರಡನೆಯದಕ್ಕೆ ಕೆಲವರಲ್ಲಿ ಲೈಂಗಿಕ ಅಡ್ಡಪರಿಣಾಮ ಇದೆ, ಮದುವೆಯ ಹೊಸ್ತಿಲಲ್ಲಿ ಅದನ್ನು ನಾಚದೆ ಕೇಳಿ. ಆಪರೇಷನ್ ಯಾವ ದೇಶದಲ್ಲೇ ಮಾಡಿಸಿ, ಯಾರು ಕೊಯ್ಯುತ್ತಾರೆ ಮತ್ತು ವರ್ಷವಿಡೀ ಯಾರು ನೋಡುತ್ತಾರೆ ಅನ್ನುವುದು ಹೆಸರು ಸಮೇತ ಬರಹದಲ್ಲಿ ಸಿಗುವವರೆಗೆ ದುಡ್ಡು ಹಾಕಬೇಡಿ. ಬಯೋಡೇಟಾಕ್ಕೆ ಈಗಿನ ಫೋಟೋ ಹಾಕಿ, ಕ್ಯಾಪ್ ಇಲ್ಲದೆ.

ಕೊನೆಯದಕ್ಕೆ ಅವರು ಒಪ್ಪಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

ಅಡ್ವಾನ್ಸ್ ವಾಪಸ್ ಬರಲಿಲ್ಲ. ತಾರೀಕು ಬದಲಿಸಬಹುದು, ಹಣ ಕೊಡುವುದಿಲ್ಲ ಎಂದರಂತೆ. ಚರ್ಮದ ಡಾಕ್ಟರು, ಉದುರುವುದು ಇನ್ನೂ ನಡೆದಿದೆ, ಔಷಧಿ ಹಾಕಿ ಒಂದು ವರ್ಷ ನೋಡೋಣ ಎಂದಿದ್ದಾರೆ. ಗುಟ್ಕಾ ದಿನಕ್ಕೆ ಒಂದಕ್ಕೆ ಇಳಿದಿದೆ, ಬಿಟ್ಟಿಲ್ಲ. ನಿದ್ದೆ ಪರವಾಗಿಲ್ಲ. ಹೊಸ ಫೋಟೋ ನೋಡಿ ಎರಡು ಮನೆಯವರು ಬೇಡ ಎಂದರು, ರಾಣೇಬೆನ್ನೂರಿನ ಕಡೆಯವರು ಮಾತುಕತೆಗೆ ಕರೆದಿದ್ದಾರೆ. ಯುಗಾದಿ ಆದ ಮೇಲೆ ಡಾಕ್ಟರು ಮತ್ತೆ ನೆತ್ತಿಯ ಫೋಟೋ ತೆಗೆದು ಹೋಲಿಸುತ್ತಾರೆ. ಆಪರೇಷನ್ ಬೇಕೋ ಬೇಡವೋ ಅನ್ನುವ ಮಾತು ಆಗ.